ಎಣಿಸಿ ಬಡಿಸಿದ ಸಿಗಡಿ

ನಮ್ಮ ಉಡುಪಿ ಕಡೆ ಸಿಗಡಿಯನ್ನು ತಣ್ಣಗೆ ತಿನ್ನುವ ಕ್ರಮ ಇಲ್ಲ. ಗಸಿ, ಸುಕ್ಕ, ಪುಳಿಮುಂಚಿ, ಘೀ ರೋಸ್ಟ್, ಮಳೆಗಾಲಕ್ಕೆ ಒಣ ಸಿಗಡಿಯ ಚಟ್ನಿ. ಚಟ್ನಿ ಬಿಟ್ಟರೆ ಎಲ್ಲವೂ ಒಂದೋ ಕೊತಕೊತ ಕುದಿದದ್ದು, ಇಲ್ಲವೇ ಬಾಣಲೆಯಿಂದ ಈಗಷ್ಟೇ ಇಳಿದದ್ದು. ಹಾಗಾಗಿ ಅಪ್ಪ-ಅಮ್ಮನ ಮದುವೆಯ 40ನೇ ವರ್ಷದ ಪಾರ್ಟಿಗೆ ಪ್ರಾನ್ಸ್ ಕಾಕ್‌ಟೇಲ್, ಅಂದರೆ ಗ್ಲಾಸಿನಲ್ಲಿ ಸಾಸಿನ ಜೊತೆ ಕೊಡುವ ತಣ್ಣನೆಯ ಸಿಗಡಿ, ಮಾಡುವ ಅಂತ ತಮ್ಮ ಹೇಳಿದಾಗ ಮನೆಯಲ್ಲಿ ಯಾರ ಬಾಯಲ್ಲೂ ನೀರು ಬರಲಿಲ್ಲ. ಅವನು ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು. ರಜೆಗೆ ಬರುವಾಗಲೆಲ್ಲ ಇಂಥದ್ದೊಂದನ್ನು ತಲೆಯಲ್ಲಿ ಹೊತ್ತುಕೊಂಡೇ ಬರುತ್ತಾನೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮೂವತ್ತು ಜನಕ್ಕೆ ಸಿಗಡಿಯಾ? ದುಡ್ಡು ಎಲ್ಲಿಂದ ತರ್ತಿ ಮಾರಾಯ?"

ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಕೂತು ಲೆಕ್ಕ ಹಾಕಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಸಿಗಡಿ ಬಡಿಸಬೇಕು, ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ ಅಂದರೆ ಕಾಕ್‌ಟೇಲ್‌ನಷ್ಟು ಅನುಕೂಲದ್ದು ಬೇರೆ ಇಲ್ಲ. ದೊಡ್ಡ ಹೋಟೆಲಿನ ಮೆನುವಿನಲ್ಲಿ ಅದರ ಮುಂದೆ ಇರುವ ರೇಟು ನೋಡಿ ಹೆದರುವುದು ಬೇಡ. ಆ ರೇಟು ಗ್ಲಾಸಿಗೆ, ಎಸಿಗೆ, ಬಿಳಿ ಟೇಬಲ್ ಬಟ್ಟೆಗೆ. ಗ್ಲಾಸಿನ ಒಳಗೆ ಇರುವುದು ಬೇಯಿಸಿ ತಣ್ಣಗೆ ಮಾಡಿದ ನಾಲ್ಕೈದು ಸಿಗಡಿ, ಒಂದಿಷ್ಟು ಸೊಪ್ಪು, ಟೊಮೆಟೊ ಕೆಚಪ್‌ನಲ್ಲಿ ಖಾರ-ಹುಳಿ ಕಲಸಿದ ಒಂದು ಸಾಸು. ಅಷ್ಟೇ. ಎಣ್ಣೆ ಇಲ್ಲ, ತುಪ್ಪ ಇಲ್ಲ, ತೆಂಗಿನಕಾಯಿ ಇಲ್ಲ, ಗ್ಯಾಸ್ ಕೂಡ ಜಾಸ್ತಿ ಹೊತ್ತು ಉರಿಯುವುದಿಲ್ಲ.

ಇನ್ನೊಂದು ತಮಾಷೆ ಇದೆ. ಇದು ಶ್ರೀಮಂತರ ತಿಂಡಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅಮೆರಿಕದಲ್ಲಿ ತುಂಬಾ ಹೆಸರು ಮಾಡಿದ ಒಂದು ಸಿಗಡಿ ಕಾಕ್‌ಟೇಲ್ ಬಹಳ ಅಗ್ಗದ್ದೂ ಆಗಿತ್ತು. ಲಾಸ್ ವೇಗಸ್‌ನಲ್ಲಿ ಗೋಲ್ಡನ್ ಗೇಟ್ ಅಂತ ಒಂದು ಜೂಜಿನ ಹೋಟೆಲ್ ಇದೆ. 1959ರಲ್ಲಿ ಅಲ್ಲಿ 50 ಸೆಂಟಿಗೆ ಒಂದು ಗ್ಲಾಸ್ ಸಿಗಡಿ ಕೊಡಲು ಶುರು ಮಾಡಿದರು. ಅಗ್ಗದ ಸಿಗಡಿಯ ಆಸೆಗೆ ಜನ ಒಳಗೆ ಬರಬೇಕು, ಬಂದವರು ಜೂಜಾಡಬೇಕು ಎಂಬ ಉಪಾಯ. 1991ರ ತನಕ ಅದೇ ಬೆಲೆ ಇಟ್ಟಿದ್ದರು. ಆ ವರ್ಷ ಏರಿಸಿದ್ದೂ 99 ಸೆಂಟಿಗೆ. ಅಂದರೆ ಆಗಲೂ ಒಂದು ಡಾಲರ್ ಇರಲಿಲ್ಲ. ಈ ಕತೆಯನ್ನು ಅಮ್ಮನಿಗೆ ಹೇಳಿದೆ. "ನಾವು ಯಾರನ್ನು ಜೂಜಿಗೆ ಕೂರಿಸುವುದು?" ಅಂದಳು. ಸರಿಯೇ.

ಲೆಕ್ಕ ಹೀಗೆ. ಸಿಗಡಿ ಕಿಲೋಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ರೇಟು ದಿನಕ್ಕೊಂದು ಇರುತ್ತದೆ, ನಿಮ್ಮ ದಿನದ ರೇಟು ಹಾಕಿ ನೋಡಿ. ಕಿಲೋಗೆ 40 ತೂಗುವ ಮಧ್ಯಮ ಗಾತ್ರದ್ದು ತಂದರೆ, ಒಬ್ಬರಿಗೆ ನಾಲ್ಕರಂತೆ ಮೂವತ್ತು ಜನಕ್ಕೆ 120 ಬೇಕು. ಮೂರು ಕಿಲೋ. 1200 ರೂಪಾಯಿ. ಕೆಚಪ್, ನಿಂಬೆ, ಕ್ಯಾಬೇಜ್, ಐಸ್ ಎಲ್ಲ ಸೇರಿ ಇನ್ನೊಂದು 300 ಹಿಡಿಯಿರಿ. ಒಬ್ಬರಿಗೆ 50 ರೂಪಾಯಿ ಬಿತ್ತು. ಈಗ ಅದೇ ಮೂವತ್ತು ಜನಕ್ಕೆ ಘೀ ರೋಸ್ಟ್ ಮಾಡಿ ನೋಡಿ. ತಲೆ, ಸಿಪ್ಪೆ ಹೋದ ಮೇಲೆ ಸಿಗಡಿಯ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಬ್ಬರಿಗೆ ಸುಲಿದದ್ದು 100 ಗ್ರಾಂ ಅಂದರೂ ಆರು ಕಿಲೋ ತರಬೇಕು. 2400 ಅಲ್ಲಿಗೇ ಹೋಯಿತು. ತುಪ್ಪ, ಬ್ಯಾಡಗಿ ಮೆಣಸು ಬೇರೆ. ಮತ್ತೆ ಘೀ ರೋಸ್ಟಿನ ಬೋಗುಣಿ ಮುಂದೆ ನಿಂತವರು ಎಷ್ಟು ಸೌಟು ಹಾಕಿಕೊಳ್ಳುತ್ತಾರೆ ಅಂತ ಹೇಳಲು ಸಾಧ್ಯ ಇಲ್ಲ. ಸಾಲಿನ ಕೊನೆಯವರಿಗೆ ಮಸಾಲೆ ಮಾತ್ರ ಸಿಗುವ ಪಾರ್ಟಿಗಳನ್ನು ನಾವೆಲ್ಲ ಕಂಡವರೇ.

ಕಾಕ್‌ಟೇಲ್‌ನಲ್ಲಿ ಆ ಭಯ ಇಲ್ಲ. ಗ್ಲಾಸಿನ ಅಂಚಿಗೆ ನಾಲ್ಕು ಸಿಗಡಿ ತೂಗಿಬಿಟ್ಟಿರುತ್ತದೆ. ಎಲ್ಲರಿಗೂ ನಾಲ್ಕೇ. ಖರ್ಚು ಕೈಮೀರಿ ಹೋಗಲು ದಾರಿಯೇ ಇಲ್ಲ.

ಆದರೆ ತೊಂದರೆ ಇರುವುದೂ ಅಲ್ಲೇ. ಕಾರ್ಕಳದಿಂದ ದೊಡ್ಡಮ್ಮ ಎರಡು ದಿನ ಮೊದಲೇ ಬಂದಿದ್ದರು. ವಿಷಯ ಗೊತ್ತಾದ ಕೂಡಲೇ ಕೇಳಿದರು.

"ನಾಲ್ಕೇ ನಾಲ್ಕಾ? ನೆಂಟರಿಗೆ ಎಣಿಸಿ ಕೊಡುವುದಾ?"

"ಅಲ್ಲಿ ಎಲ್ಲರಿಗೂ ಎಣಿಸಿಯೇ ಕೊಡುವುದು ದೊಡ್ಡಮ್ಮ," ಅಂದ ತಮ್ಮ.

"ಅಲ್ಲಿಯದ್ದು ಅಲ್ಲಿಗಾಯಿತು. ಇಲ್ಲಿ ಹೀಗೆ ಮಾಡಿದರೆ ನಾಳೆ ಊರಿಡೀ ಹೇಳ್ತಾರೆ. ಅವರ ಮನೆಯಲ್ಲಿ ಸಿಗಡಿ ಲೆಕ್ಕ ಮಾಡಿ ಬಡಿಸಿದರು ಅಂತ."

ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ದೊಡ್ಡಮ್ಮ ಹೇಳಿದ್ದರಲ್ಲಿ ವಿಷಯ ಉಂಟು. ನಮ್ಮಲ್ಲಿ ಬಡಿಸುವವರು ಬಕೆಟ್ ಹಿಡಿದು ಪಂಕ್ತಿಯಲ್ಲಿ ಬರಬೇಕು, "ಸಾಕು ಸಾಕು" ಅಂದರೂ ಇನ್ನೊಂದು ಸೌಟು ಹಾಕಬೇಕು. ಸಾಕು ಅಂತ ಹೇಳುವ ಅಧಿಕಾರ ಉಣ್ಣುವವರದ್ದು, ಬಡಿಸುವವರದ್ದಲ್ಲ. ಗ್ಲಾಸಿನಲ್ಲಿ ನಾಲ್ಕು ಇಟ್ಟು ಕೈಗೆ ಕೊಟ್ಟರೆ ಆ ಅಧಿಕಾರ ನಾವು ಕಿತ್ತುಕೊಂಡ ಹಾಗೆ.

ಹಾಗಂತ ನಾವು ಎಣಿಸುವುದೇ ಇಲ್ಲವಾ? ನನ್ನ ಅಮ್ಮನಷ್ಟು ಚೆನ್ನಾಗಿ ಎಣಿಸುವವರನ್ನು ನಾನು ನೋಡಿಲ್ಲ. ಆರು ಬಂಗುಡೆ ತಂದರೆ ಹನ್ನೆರಡು ತುಂಡು. ಪಾತ್ರೆಗೆ ಹಾಕುವಾಗಲೇ ಯಾವುದು ಯಾರಿಗೆ ಅಂತ ಅವಳಿಗೆ ಗೊತ್ತು. ಬಡಿಸುವಾಗ ಸೌಟನ್ನು ಬೇಕೆಂದೇ ಅಡಿಗೆ ಹಾಕುವುದಿಲ್ಲ. ಮರುದಿನ ಬೆಳಿಗ್ಗೆ ನೀರುದೋಸೆಗೆ ಎರಡು ತುಂಡು ಅಲ್ಲಿ ಉಳಿದಿರುತ್ತದೆ. ಸಿಗಡಿ ಸುಕ್ಕದಲ್ಲಿ ಅವಳ ಕೈಚಳಕ ಇನ್ನೂ ಜಾಸ್ತಿ. ಕಾಲು ಕಿಲೋ ಸಣ್ಣ ಸಿಗಡಿ, ಅರ್ಧ ತೆಂಗಿನಕಾಯಿ, ಈರುಳ್ಳಿ, ಹುಳಿಗೆ ಸ್ವಲ್ಪ ಬಿಂಬುಳಿ ಕಾಯಿ. ಎಂಟು ಜನ ಉಂಡು ಏಳುತ್ತಾರೆ. ಒಬ್ಬೊಬ್ಬರ ಪಾಲಿಗೆ ಸಿಗಡಿ ಎಷ್ಟು ಬಂತು ಅಂತ ಯಾರಿಗೂ ತಿಳಿಯುವುದಿಲ್ಲ, ಕೇಳುವುದೂ ಇಲ್ಲ. ಕರಾವಳಿಯ ಅಡುಗೆಯಲ್ಲಿ ತೆಂಗಿನಕಾಯಿ ರುಚಿಗೆ ಎಷ್ಟು ಬೇಕೋ ಲೆಕ್ಕ ಮುಚ್ಚಲಿಕ್ಕೂ ಅಷ್ಟೇ ಬೇಕು. ಕಾಕ್‌ಟೇಲ್‌ನಲ್ಲಿ ಮುಚ್ಚಲು ಏನೂ ಇಲ್ಲ. ಎಷ್ಟಿದೆ ಅಂತ ಗಾಜಿನ ಹೊರಗಿನಿಂದಲೇ ಕಾಣುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಅಮ್ಮನೇ. ಸಿಗಡಿ ಎಣಿಸಿ ಕೊಡುವ, ಆದರೆ ಅದರ ಹಿಂದೆಯೇ ಬರುವ ಊಟವನ್ನು ಯಾರೂ ಎಣಿಸಬಾರದು ಅಂದಳು. ಕೋಳಿ ಸಾರು, ಕೋರಿ ರೊಟ್ಟಿ, ಅನ್ನ, ಎಲ್ಲ ಬೇಕಾದಷ್ಟು. ಕಾಕ್‌ಟೇಲ್ ಕೈಗೆ ಕೊಡುವಾಗ ಒಲೆಯ ಮೇಲೆ ಕೋಳಿ ಸಾರು ಕುದಿಯುವ ಪರಿಮಳ ಬರುತ್ತಿರಬೇಕು. ಆಗ ನಾಲ್ಕು ಸಿಗಡಿ ಜಿಪುಣತನ ಆಗುವುದಿಲ್ಲ, ಬರೀ ಶುರುವಾತು ಆಗುತ್ತದೆ. ದೊಡ್ಡಮ್ಮ ಒಪ್ಪಿದರು ಅಂತ ಹೇಳಲಾರೆ. ಸುಮ್ಮನಾದರು. ನೀವು ಇದನ್ನು ಮಾಡುವುದಾದರೆ ಈ ಒಂದು ವಿಷಯ ಮರೆಯಬೇಡಿ. ಕಾಕ್‌ಟೇಲ್ ಮಾತ್ರ ಕೊಟ್ಟು ನೆಂಟರನ್ನು ಮನೆಗೆ ಕಳಿಸಿದರೆ ದೊಡ್ಡಮ್ಮ ಹೇಳಿದ್ದೇ ನಿಜ ಆಗುತ್ತದೆ.

ಇನ್ನು ಸಿಗಡಿ ತರುವ ವಿಷಯ. ಮಲ್ಪೆ ಬಂದರಿಗೋ ಮಂಗಳೂರಿನ ಧಕ್ಕೆಗೋ (ಬೋಟುಗಳು ಮೀನು ಇಳಿಸುವ ಜಾಗ) ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು ಸಿಗುತ್ತದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ. ಆ ಸಮಯದಲ್ಲಿ ನಾಡದೋಣಿಯವರು ತಂದದ್ದು ಸಿಕ್ಕಿದರೆ ಅದೃಷ್ಟ, ಆದರೆ ರೇಟು ಕೇಳಿದರೆ ಪಾರ್ಟಿಯೇ ಬೇಡ ಅನ್ನಿಸಬಹುದು. ನಮ್ಮದು ಡಿಸೆಂಬರ್ ಆದ್ದರಿಂದ ಬಚಾವ್.

ಈ ತಿಂಡಿಗೆ ಕಡಲಿನ ಸಿಗಡಿಗಿಂತ ಸಾಕಿದ ಸಿಗಡಿಯೇ ಮೇಲು ಅಂತ ನನ್ನ ಮಾತು. ಬೈಯಬೇಡಿ. ಗಸಿಗೆ ಕಡಲಿನದ್ದೇ ಬೇಕು, ಅದರ ರುಚಿ ಮಸಾಲೆಯನ್ನೂ ಮೀರಿ ಬರುತ್ತದೆ. ಆದರೆ ಗ್ಲಾಸಿನಲ್ಲಿ ಒಬ್ಬರಿಗೆ ದೊಡ್ಡದು, ಪಕ್ಕದವರಿಗೆ ಸಣ್ಣದು ಬಂದರೆ ಚಂದ ಅಲ್ಲ. ಕಡಲಿನ ರಾಶಿಯಲ್ಲಿ ಎಲ್ಲ ಗಾತ್ರದ್ದೂ ಇರುತ್ತದೆ. ಕೆರೆಯಲ್ಲಿ ಸಾಕಿದ ವನ್ನಾಮಿ ಜಾತಿಯ ಸಿಗಡಿ ಅಚ್ಚಿನಲ್ಲಿ ತೆಗೆದಷ್ಟು ಸಮ ಇರುತ್ತದೆ, ಮತ್ತೆ ಬೆಲೆಯೂ ಕಡಿಮೆ. ಅದು ನಮ್ಮ ಕಡಲಿನದ್ದಲ್ಲ. ಮೂಲ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿ. ನಮ್ಮ ದೇಶದಲ್ಲಿ ಅದನ್ನು ಸಾಕಲು ಅನುಮತಿ ಸಿಕ್ಕಿದ್ದು 2009ರಲ್ಲಿ. 2024ರಲ್ಲಿ ಅಮೆರಿಕಕ್ಕೆ ಬೇರೆ ಎಲ್ಲ ದೇಶಗಳಿಗಿಂತ ಜಾಸ್ತಿ ಸಿಗಡಿ ಹೋದದ್ದು ಭಾರತದಿಂದಲೇ. ಅದರಲ್ಲಿ ದೊಡ್ಡ ಪಾಲು ಆಂಧ್ರದ ಕೆರೆಗಳ ವನ್ನಾಮಿ. ತಮ್ಮನ ಹಡಗಿನ ಫ್ರೀಜರಿನಲ್ಲಿ ಇರುವ ಸಿಗಡಿ ಡಬ್ಬಗಳ ಮೇಲೆ ಎಷ್ಟೋ ಸಲ ನಮ್ಮ ದೇಶದ ಹೆಸರೇ ಇರುತ್ತದಂತೆ. ಕಾಕ್‌ಟೇಲ್ ಅವರದ್ದು, ಸಿಗಡಿ ನಮ್ಮದು.

ಮೀನು ಮಾರುವ ಅಕ್ಕನ ಹತ್ತಿರ ಅರ್ಧ ಕಿಲೋ ತೂಗಿಸಿ ಎಣಿಸಿ ನೋಡಿ. ಇಪ್ಪತ್ತರ ಆಸುಪಾಸು ಬಂದರೆ ನಮಗೆ ಬೇಕಾದ ಗಾತ್ರ. ನಾನು ಹಾಗೆ ಎಣಿಸುತ್ತಾ ಕೂತಾಗ ಆ ಅಕ್ಕ ತುಳುವಿನಲ್ಲಿ, ಎಣಿಸಿ ತಿನ್ನುವ ಕಾಲ ಬಂತಾ ಅಂತ ಪಕ್ಕದವಳಿಗೆ ಹೇಳಿ ನಕ್ಕಳು. ಸೂಪರ್ ಮಾರ್ಕೆಟಿನ ಫ್ರೋಜನ್ ಪ್ಯಾಕೆಟ್ ಆದರೆ ಅದರ ಮೇಲೆ ಒಮ್ಮೊಮ್ಮೆ 21/25 ಅಂತ ಇರುತ್ತದೆ. ಅದು ಅಮೆರಿಕದವರ ಲೆಕ್ಕ. ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 21ರಿಂದ 25 ಸಿಗಡಿ. ಕಿಲೋಗೆ 46ರಿಂದ 55 ಆಯಿತು. ಪ್ಯಾಕೆಟಿನಲ್ಲಿ ಐಸಿನ ಪದರದ ತೂಕವೂ ಸೇರಿರಬಹುದು. ಐಸು ಬಿಟ್ಟು ನಿವ್ವಳ ತೂಕ ಎಷ್ಟು ಅಂತ ಓದಿಯೇ ತೆಗೆದುಕೊಳ್ಳಿ.

ತಾಜಾ ಹೌದೋ ಅಲ್ಲವೋ ಅಂತ ನೋಡಲು ತಲೆ ಹಿಡಿದು ಮೆಲ್ಲನೆ ಎಳೆಯಿರಿ. ಗಟ್ಟಿ ಇರಬೇಕು. ಜೋತು ಬಿದ್ದಿದ್ದರೆ, ಸಿಪ್ಪೆಯ ಮೇಲೆ ಕಪ್ಪು ಕಲೆ ಹರಡಿದ್ದರೆ, ಮೂಗಿಗೆ ಅಮೋನಿಯಾ ಹೊಡೆದರೆ ಬೇಡ. ಗಸಿಗಾದರೆ ಹುಳಿ-ಖಾರದಲ್ಲಿ ಹೇಗೋ ದಾಟಿಸಬಹುದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಇಲ್ಲಿ ದಾಟಿಸಲು ಆಗುವುದಿಲ್ಲ.

ಕ್ಲೀನ್ ಮಾಡಿಸಿಕೊಂಡು ತರಬೇಡಿ. ಮಾರ್ಕೆಟಿನಲ್ಲಿ ಬಾಲ ಸಮೇತ ಸಿಪ್ಪೆ ಕಿತ್ತು ಕೊಡುತ್ತಾರೆ. ನಮಗೆ ಬಾಲ ಬೇಕು, ಅದೇ ಹಿಡಿಕೆ. ತಲೆ ತಿರುಚಿ ತೆಗೆಯಿರಿ. ಸಿಪ್ಪೆಯನ್ನು ಕಾಲಿನ ಕಡೆಯಿಂದ ಬಿಡಿಸಿ, ಬಾಲ ಮತ್ತು ಅದಕ್ಕೆ ತಾಗಿದ ಕೊನೆಯ ಒಂದು ಸಿಪ್ಪೆಯನ್ನು ಹಾಗೇ ಇಡಿ. ಬೆನ್ನಿನ ಕಪ್ಪು ನೂಲು ತೆಗೆಯಲು ಚಾಕುವಿನಲ್ಲಿ ಸೀಳಿದರೆ ಬೇಯುವಾಗ ಬೆನ್ನು ಬಿರಿದು ಅಂದ ಕೆಡುತ್ತದೆ. ಅಮ್ಮ ಒಂದು ಹೊಸ ಹಿಡಿಸೂಡಿಯ (ಪೊರಕೆಯ) ಕಡ್ಡಿ ಎಳೆದು ತೊಳೆದುಕೊಂಡು ಕೂತಳು. ಎರಡನೇ ಮತ್ತು ಮೂರನೇ ಗೆಣ್ಣಿನ ನಡುವೆ ಕಡ್ಡಿಯ ತುದಿ ಅಡ್ಡ ಚುಚ್ಚಿ, ಮೆಲ್ಲನೆ ಮೇಲೆತ್ತಿದರೆ ನೂಲು ಇಡಿಯಾಗಿ ಬರುತ್ತದೆ. ಅರ್ಧಕ್ಕೆ ತುಂಡಾದರೆ ಇನ್ನೊಂದು ಗೆಣ್ಣು ಕೆಳಗೆ ಚುಚ್ಚಬೇಕು. 120 ಸಿಗಡಿ ಅಂದರೆ ಬೇಸರದ ಕೆಲಸ. ಅಮ್ಮ, ದೊಡ್ಡಮ್ಮ ಇಬ್ಬರೂ ಊರ ಪಂಚಾತಿಕೆ ಮಾತಾಡುತ್ತಾ ಮುಗಿಸಿದರು. ಹಡಗಿನಲ್ಲಿ ಇದಕ್ಕೇ ಒಂದು ಸಾಧನ ಇದೆ ಅಂತ ತಮ್ಮ ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಲೆ, ಸಿಪ್ಪೆ ಬಿಸಾಡಿದರೆ ಅರ್ಧ ದುಡ್ಡು ಬಿಸಾಡಿದಂತೆ. ಸಿಪ್ಪೆಯನ್ನು ತೊಳೆದು, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ, ಹತ್ತು ಕಾಳು ಮೆಣಸು, ಒಂದು ಈರುಳ್ಳಿ, ಹಿಂಡಿದ ನಿಂಬೆಯ ಸಿಪ್ಪೆ ಸೇರಿಸಿ ಹತ್ತು ನಿಮಿಷ ಕುದಿಸಿ ಸೋಸಿ. ಸಿಗಡಿ ಬೇಯಬೇಕಾದದ್ದು ಈ ನೀರಿನಲ್ಲಿ. ಬರೀ ನೀರಿನಲ್ಲಿ ಬೇಯಿಸಿದರೆ ಸಿಗಡಿಯ ರುಚಿ ನೀರಿಗೆ ಹೋಗುತ್ತದೆ, ಸಿಗಡಿ ಸಪ್ಪೆ ಆಗುತ್ತದೆ. ಲೀಟರಿಗೆ ಒಂದೂವರೆ ಚಮಚ ಉಪ್ಪು ಹಾಕಿ. ಬಾಯಿಗೆ ಬಿಟ್ಟರೆ ಉಪ್ಪುಪ್ಪು ಅನ್ನಿಸಬೇಕು. ಆಮೇಲೆ ಉಪ್ಪು ಹಿಡಿಸಲು ಬೇರೆ ಅವಕಾಶ ಇಲ್ಲ.

ಬೇಯಿಸುವುದು ಅಂದರೆ ಕುದಿಸುವುದಲ್ಲ. ಸೋಸಿದ ನೀರು ಮತ್ತೆ ಕುದಿ ಬಂದ ಮೇಲೆ ಗ್ಯಾಸ್ ಆಫ್ ಮಾಡಿ, ಸಿಗಡಿ ಹಾಕಿ, ಮುಚ್ಚಿಡಿ. ಒಂದು ಸಲಕ್ಕೆ ನಲವತ್ತಕ್ಕಿಂತ ಜಾಸ್ತಿ ಬೇಡ, ನೀರು ತಣ್ಣಗಾಗಿ ಬಿಡುತ್ತದೆ. ಈ ಗಾತ್ರಕ್ಕೆ ಎರಡು ಮೂರು ನಿಮಿಷ ಸಾಕು. ಗಡಿಯಾರಕ್ಕಿಂತ ಕಣ್ಣನ್ನು ನಂಬಿ. ಬೂದು ಬಣ್ಣ ಹೋಗಿ ಕೆಂಪು ಬರುತ್ತದೆ. ಆ ಕೆಂಪು ಹೊರಗಿನಿಂದ ಬಂದದ್ದಲ್ಲ, ಅಸ್ಟಾಕ್ಸಾಂಥಿನ್ ಅಂತ ಸಿಗಡಿಯಲ್ಲೇ ಇರುವ ಬಣ್ಣ. ಹಸಿ ಇರುವಾಗ ಒಂದು ಪ್ರೋಟೀನ್ ಅದನ್ನು ಹಿಡಿದು ಅಡಗಿಸಿಟ್ಟಿರುತ್ತದೆ. ಬಿಸಿ ತಾಗಿದಾಗ ಆ ಹಿಡಿತ ಸಡಿಲ ಆಗುತ್ತದೆ, ಕೆಂಪು ಕಾಣುತ್ತದೆ. ಬಣ್ಣದ ಜೊತೆಗೆ ಆಕಾರ ನೋಡಿ. ಕೊಕ್ಕೆಯಷ್ಟು ಬಾಗಿದರೆ ಬೆಂದಿದೆ. ಬಾಲ ತಲೆಯ ಕಡೆಗೆ ಬಂದು ಮುಟ್ಟಿ ಉಂಗುರ ಆಯಿತೋ, ರಬ್ಬರ್. ನಮ್ಮ ಗಸಿಯಲ್ಲಿ ಎಷ್ಟೋ ಸಲ ಉಂಗುರವೇ ಆಗಿರುತ್ತದೆ, ಮಸಾಲೆಯಿಂದಾಗಿ ಯಾರೂ ಹೇಳುವುದಿಲ್ಲ ಅಷ್ಟೇ. ಬೆಂದ ಕೂಡಲೇ ಐಸ್ ನೀರಿಗೆ ಹಾಕಿ. ಇಲ್ಲದಿದ್ದರೆ ತನ್ನ ಬಿಸಿಯಲ್ಲೇ ಇನ್ನಷ್ಟು ಬೇಯುತ್ತದೆ. ಪೂರ್ತಿ ತಣಿದ ಮೇಲೆ ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಒದ್ದೆ ಇದ್ದರೆ ಸಾಸು ನೀರಾಗುತ್ತದೆ.

ಸಾಸಿನ ಕತೆ ಸ್ವಲ್ಪ ಉದ್ದ ಹೇಳುತ್ತೇನೆ, ನನಗೆ ಖುಷಿ ಕೊಟ್ಟದ್ದು ಅದೇ. ಅಮೆರಿಕದವರು ಕೆಚಪ್‌ಗೆ ಹಾರ್ಸ್‌ರ‍್ಯಾಡಿಶ್ ಅಂತ ಒಂದು ಬೇರನ್ನು ತುರಿದು ಹಾಕುತ್ತಾರೆ. ನಾಲಿಗೆ ಬಿಟ್ಟು ನೇರ ಮೂಗಿಗೆ ಏರುವ ಖಾರ ಅದು. ಜೊತೆಗೆ ನಿಂಬೆ, ವೂಸ್ಟರ್ ಸಾಸ್, ಟಬಾಸ್ಕೊ ಅಂತ ಮೆಣಸಿನ ಸಾಸು. ಬ್ರಿಟಿಷರದ್ದು ಬೇರೆ ದಾರಿ. ಕೆಚಪ್‌ಗೆ ಮಯೋನೀಸ್ ಕಲಸಿ ಗುಲಾಬಿ ಬಣ್ಣದ ಸಾಸು ಮಾಡುತ್ತಾರೆ. ಮಯೋನೀಸ್ ಜಾಸ್ತಿ ಖರ್ಚು, ನಮ್ಮ ಸೆಕೆಗೆ ಬೇಗ ಕೆಡುತ್ತದೆ ಬೇರೆ. ಹಾಗಾಗಿ ಕೆಂಪೇ ಇರಲಿ ಅಂದೆವು.

ಆದರೆ ಆ ಬೇರಿಗೆ ಉಡುಪಿಯಲ್ಲಿ ಎಲ್ಲಿ ಹೋಗುವುದು? ಬಾಟಲಿಯಲ್ಲಿ ಆನ್‌ಲೈನ್ ಸಿಗುತ್ತದೆ, ಬೆಲೆ ನೋಡಿ ಕಿಟಕಿ ಮುಚ್ಚಿದೆ. ಬೇಕಾಗಿಯೂ ಇಲ್ಲ. ಮೂಗಿಗೆ ಏರುವ ಆ ಖಾರಕ್ಕೆ ಕಾರಣವಾದ ಅಲೈಲ್ ಐಸೋಥಯೋಸಯನೇಟ್ ನಮ್ಮ ಒಗ್ಗರಣೆ ಡಬ್ಬದ ಸಾಸಿವೆಯಿಂದಲೂ ಬರುತ್ತದೆ. ಎರಡೂ ಒಂದೇ ಕುಟುಂಬದ ಗಿಡ. ಮಾವಿನಹಣ್ಣಿನ ಸಾಸಿವೆ, ಅನಾನಸಿನ ಸಾಸಿವೆ ತಿಂದವರಿಗೆ ಈ ಖಾರ ಹೊಸತಲ್ಲ. ಆ ಅಡುಗೆಯಲ್ಲಿ ಹಸಿ ಸಾಸಿವೆಯನ್ನು ಕಾಯಿ, ಮೆಣಸಿನ ಜೊತೆ ಅರೆದು ಕುದಿಸದೆ ಹಾಗೇ ಕಲಸುತ್ತಾರಲ್ಲ, ಅದಕ್ಕೆ ಕಾರಣ ಇದೆ. ಇಡೀ ಸಾಸಿವೆ ಕಾಳಿನಲ್ಲಿ ಖಾರ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಒಳಗಿನ ಕಿಣ್ವ ಕೆಲಸ ಶುರು ಮಾಡಿ ಖಾರ ಹುಟ್ಟುತ್ತದೆ. ಬಿಸಿ ನೀರು ಹಾಕಿದರೆ ಕಿಣ್ವ ಸಾಯುತ್ತದೆ. ಹುಳಿ ಮೊದಲೇ ಹಾಕಿದರೆ ಅದರ ಕೆಲಸ ನಿಧಾನ ಆಗುತ್ತದೆ.

ಹಾಗಾಗಿ ಕ್ರಮ ಮುಖ್ಯ. ಎರಡು ದೊಡ್ಡ ಚಮಚ ಸಾಸಿವೆಯನ್ನು ಮಿಕ್ಸಿಯಲ್ಲಿ ಒಣದಾಗಿ ಪುಡಿ ಮಾಡಿ. ನಾಲ್ಕು ಚಮಚ ತಣ್ಣೀರು ಹಾಕಿ ಕಲಸಿ ಹತ್ತು ನಿಮಿಷ ಸುಮ್ನೆ ಬಿಡಿ. ಮುಚ್ಚಳ ತೆಗೆದಾಗ ಕಣ್ಣಲ್ಲಿ ನೀರು ಬಂದರೆ ಆಯಿತು ಅಂತ ಅರ್ಥ. ಆಗ ನಿಂಬೆರಸ ಹಿಂಡಿ, ಮೂರು ನಿಂಬೆಯದ್ದು. ನಂತರ ಅರ್ಧ ಕಿಲೋ ಕೆಚಪ್, ಗಟ್ಟಿ ಹುಣಸೆ ರಸ ಒಂದು ಚಮಚ, ಅರ್ಧ ಕಪ್ ಮೂಲಂಗಿ ತುರಿದು ಹಿಂಡಿದ್ದು, ಕಾಳುಮೆಣಸಿನ ಪುಡಿ, ನಾಲ್ಕೈದು ಗಾಂಧಾರಿ ಮೆಣಸು ಸಣ್ಣಗೆ ಹೆಚ್ಚಿದ್ದು. ಹಿತ್ತಿಲಿನಲ್ಲಿ ತಾನಾಗಿ ಹುಟ್ಟುವ ಗಾಂಧಾರಿ ಇರುವಾಗ ಟಬಾಸ್ಕೊ ಯಾಕೆ? ವೂಸ್ಟರ್ ಸಾಸಿನಲ್ಲಿ ಇರುವುದೂ ಹುಣಸೆ, ವಿನೆಗರ್, ಹುಳಿಸಿದ ಸಣ್ಣ ಮೀನು. ಮೀನು ಬಿಟ್ಟು ಹುಣಸೆ ಮಾತ್ರ ಹಾಕಿದ್ದರಿಂದ ಒಂದು ಲಾಭ ಆಯಿತು. ನಮ್ಮ ಸಾಸು ಪೂರ್ತಿ ಸಸ್ಯಾಹಾರಿ. ಪಾರ್ಟಿಗೆ ಬಂದ ಅಪ್ಪನ ಆಫೀಸಿನ ಗೆಳೆಯರಲ್ಲಿ ಮೀನು ತಿನ್ನದವರೂ ಇದ್ದರು. ಅವರಿಗೆ ಬೇರೆ ಪಾತ್ರೆಯಲ್ಲಿ ಬೇಬಿಕಾರ್ನ್ ಬೇಯಿಸಿ ಅದೇ ಸಾಸು ಕೊಟ್ಟೆವು.

ಇಲ್ಲಿ ಸಿಗುವ ಕೆಚಪ್ ಬಹಳ ಸಿಹಿ. ಬಾಟಲಿಯ ಬದಲು ರಿಫಿಲ್ ಪ್ಯಾಕೆಟ್ ತಂದರೆ ಸಾಕು, ಬ್ರ್ಯಾಂಡ್ ಯಾವುದಾದರೂ ಅಡ್ಡಿ ಇಲ್ಲ, ಹುಳಿ-ಖಾರ ನಾವೇ ಸರಿ ಮಾಡುತ್ತೇವಲ್ಲ. ಸಾಸನ್ನು ಅದೇ ದಿನ ಮಧ್ಯಾಹ್ನದ ಮೇಲೆ ಮಾಡಿ. ಸಾಸಿವೆಯ ಆ ಮೂಗಿನ ಖಾರ ಹೊತ್ತು ಹೋದಂತೆ ಇಳಿಯುತ್ತದೆ.

ಗ್ಲಾಸು. ತಮ್ಮ ಮೊದಲು ಕಣ್ಣು ಹಾಕಿದ್ದು ಗಡ್‌ಬಡ್ ಐಸ್‌ಕ್ರೀಮಿನ ಎತ್ತರದ ಗ್ಲಾಸಿನ ಮೇಲೆ. ನೋಡಲು ಚಂದ, ಆದರೆ ಅದರ ಹೊಟ್ಟೆ ತುಂಬಿಸಲು ಹೋದರೆ ನಮ್ಮ ಹೊಟ್ಟೆ ಉರಿಯುತ್ತದೆ. ಪಾತ್ರೆ ಬಾಡಿಗೆಗೆ ಕೊಡುವವರ ಹತ್ತಿರ ಕುಳ್ಳ ಕಾಲಿನ, ಅಗಲ ಬಾಯಿಯ ಐಸ್‌ಕ್ರೀಮ್ ಕಪ್ಪುಗಳಿದ್ದವು. ಶಾಮಿಯಾನ, ಕುರ್ಚಿ ಹೇಗೂ ಅವರದ್ದೇ. ಕಪ್ಪಿಗೆ ಬೇರೆ ಬಾಡಿಗೆ ಕೇಳಲಿಲ್ಲ. ಅಡಿಗೆ ನೂಲಿನಷ್ಟು ಸಣ್ಣಗೆ ಹೆಚ್ಚಿದ ಕ್ಯಾಬೇಜ್ ಮತ್ತು ಮುಳ್ಳುಸೌತೆ. ಲೆಟ್ಯೂಸ್ ಅಂತ ದುಬಾರಿ ಎಲೆ ಹುಡುಕುವುದು ಬೇಡ, ಅದಕ್ಕಿಂತ ಕ್ಯಾಬೇಜೇ ಹೆಚ್ಚು ಹೊತ್ತು ಗರಿಗರಿ ಇರುತ್ತದೆ. ಮೇಲೆ ಒಂದು ದೊಡ್ಡ ಚಮಚ ಸಾಸು, ಅಂಚಿಗೆ ನಾಲ್ಕು ಸಿಗಡಿ, ಬಾಲ ಹೊರಗೆ. ಒಂದು ಹೋಳು ನಿಂಬೆ.

ಒಂದು ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ತಣ್ಣಗೆ ಇಡುವುದರಲ್ಲಿ. ಬೆಂದ ಸಿಗಡಿ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ನಮ್ಮೂರಿನಲ್ಲಿ ಮಾರ್ಚ್‌ನಿಂದ ಮೇ ತನಕ ಒಂದೇ ಗಂಟೆ ಅಂತ ಇಟ್ಟುಕೊಳ್ಳಿ. ಎಲ್ಲ ಕಪ್ಪುಗಳನ್ನು ಮೊದಲೇ ತುಂಬಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಫೋಟೋಕ್ಕೆ ಒಳ್ಳೆಯದು, ಹೊಟ್ಟೆಗಲ್ಲ. ಹತ್ತು ಹತ್ತು ತುಂಬಿಸಿ ಕೊಡಿ, ಉಳಿದ ಸಿಗಡಿ ಫ್ರಿಜ್‌ನಲ್ಲೇ ಇರಲಿ. ಬಂದರಿನಲ್ಲಿ ಮೀನಿಗೆ ಹಾಕುವ ಐಸು ಅಗ್ಗಕ್ಕೆ ಸಿಗುತ್ತದೆ, ಅದು ಪಾತ್ರೆಯ ಹೊರಗೆ ಸುರಿಯಲು ಮಾತ್ರ. ಸಿಗಡಿ ಮುಳುಗಿಸುವ ನೀರಿಗೆ ಮನೆಯ ಫ್ರಿಜ್‌ನ ಐಸು, ಕುಡಿಯುವ ನೀರಿನದ್ದು. ಸಿಗಡಿ ಆಗದವರು ಯಾರಾದರೂ ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಅಲರ್ಜಿ ಇದ್ದವರಿಗೆ ಒಂದು ತುಂಡೂ ಅಪಾಯ.

ಸಂಜೆ ಟೆರೇಸಿನಲ್ಲಿ ಕಪ್ಪು ಹಂಚಿದಾಗ ಮಕ್ಕಳಿಗೆ ಕೂಡಲೇ ಇಷ್ಟ ಆಯಿತು. ಬಾಲ ಹಿಡಿದು ಅದ್ದಿ ತಿನ್ನುವ ಆಟ ಅವರಿಗೆ ಸಾಕು. ಗಂಡಸರ ಕೈಯಲ್ಲಿ ಬೇರೆ ಗ್ಲಾಸೂ ಇದ್ದದ್ದರಿಂದ ಅಲ್ಲಿಯೂ ತೊಂದರೆ ಆಗಲಿಲ್ಲ. ಹಿರಿಯರು ಸ್ವಲ್ಪ ಹೊತ್ತು ಕಪ್ಪನ್ನು ಹಿಡಿದುಕೊಂಡು ಕೂತರು. "ಬೇಯಿಸಿದ್ದಾರಲ್ಲ?" ಅಂತ ಒಬ್ಬ ಮಾವ ಮೆಲ್ಲನೆ ನನ್ನ ಹತ್ತಿರ ಕೇಳಿದರು. ಬೇಯಿಸಿದೆ ಅಂದ ಮೇಲೂ ಎರಡು ತಿಂದು ಎರಡನ್ನು ಮೊಮ್ಮಗನ ಕಪ್ಪಿಗೆ ದಾಟಿಸಿದರು. ಅಪ್ಪ ನಾಲ್ಕನ್ನೂ ತಿಂದು, "ಲಾಯಕ್ಕುಂಟು, ಇನ್ನು ಅನ್ನ ಬಡಿಸಿ" ಅಂದರು. ಸಾಲದೆ ಇನ್ನಷ್ಟು ಕೇಳುವವರು ಇದ್ದರಾ ಅಂದರೆ ಇದ್ದರು, ಅಷ್ಟರಲ್ಲಿ ಕೋರಿ ರೊಟ್ಟಿ ಬಂದಿತ್ತು.

ಮರುದಿನ ಮಧ್ಯಾಹ್ನಕ್ಕೆ ಸಿಗಡಿಯ ತಲೆಗಳನ್ನು ಹುರಿದು ಜಜ್ಜಿ, ಬೇಯಿಸಿದ ನೀರಿನ ಜೊತೆ ಕುದಿಸಿ ಸೋಸಿ, ಬಿಂಬುಳಿ ಹಾಕಿ ಅಮ್ಮ ಗಸಿ ಮಾಡಿದಳು. ಗಸಿಗೆ ಬೇರೆ ಉಪ್ಪು ಹಾಕಬೇಕಾಗಲಿಲ್ಲ. ಅದರಲ್ಲಿ ಸಿಗಡಿ ಒಂದೂ ಇರಲಿಲ್ಲ, ನುಗ್ಗೆಕಾಯಿ ಇತ್ತು. ಉಳಿದ ಸಾಸನ್ನು ದೊಡ್ಡಮ್ಮ ಡಬ್ಬಿಯಲ್ಲಿ ಹಾಕಿಸಿಕೊಂಡು ಕಾರ್ಕಳಕ್ಕೆ ಹೋದರು, ಬೂತಾಯಿ ಫ್ರೈಗೆ ಆಗ್ತದೆ ಅಂತ. ಫೋನಿನಲ್ಲಿ ಸಾಸಿನ ಕ್ರಮ ಬರೆಸಿಕೊಳ್ಳುವಾಗ, ಮೂಲಂಗಿ ಬೇಡ, ವಾಸನೆ ಅಂದರು. ಹಾಕದಿದ್ದರೂ ನಡೆಯುತ್ತದೆ. ಸಾಸಿವೆಯನ್ನು ಅರ್ಧ ಚಮಚ ಜಾಸ್ತಿ ಮಾಡಿ.